ಬ್ರೇಕ್ ಆಯಿಲ್ ಎಲ್ಲಿಗೆ ಹೋಯ್ತು?

ತಂಗಿಯನ್ನು ಮಣಿಪಾಲದ ಹಾಸ್ಟೆಲ್‌ಗೆ ಬಿಟ್ಟು ಬರಲು ಹೊರಟಿದ್ದೆವು. ಮಂಡಿ ಆಪರೇಷನ್ ಆಗಿದ್ದರಿಂದ ಅಪ್ಪ ಪಕ್ಕದ ಸೀಟಿನಲ್ಲಿ, ಸ್ಟೇರಿಂಗ್ ನನ್ನ ಕೈಯಲ್ಲಿ. ಹಿಂದೆ ತಂಗಿ, ಅವಳ ಟ್ರಂಕು, ಹಾಸಿಗೆ, ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿ ಭರಣಿ. ಕಾರು 1998ರ ಮಾರುತಿ 800. ತೀರ್ಥಹಳ್ಳಿಯಿಂದ ಆಗುಂಬೆವರೆಗೆ ಹಾಡು ಕೇಳುತ್ತಾ ಬಂದೆವು. ಘಾಟಿಯ 14 ತಿರುವುಗಳಲ್ಲಿ ನಾಲ್ಕನ್ನು ಇಳಿದಿದ್ದೆವೋ ಐದನ್ನೋ ನೆನಪಿಲ್ಲ. ಬ್ರೇಕ್ ಒತ್ತಿದೆ. ಪೆಡಲ್ ಕೆಸರಿಗೆ ಕಾಲಿಟ್ಟ ಹಾಗೆ ಕೆಳಗೆ ಹೋಯಿತು.

ಮತ್ತೆ ಒತ್ತಿದೆ, ಮತ್ತೊಮ್ಮೆ ಒತ್ತಿದೆ. ಮೂರನೇ ಸಲಕ್ಕೆ ಸ್ವಲ್ಪ ಹಿಡಿಯಿತು. ಅಪ್ಪ ಕೂಗಲಿಲ್ಲ. "ಗೇರ್ ಇಳಿಸು. ಇನ್ನೂ ಇಳಿಸು. ಗುಡ್ಡದ ಕಡೆ ತಗೋ" ಅಂದರು ಅಷ್ಟೆ. ಫಸ್ಟ್ ಗೇರಿಗೆ ಬಿದ್ದಾಗ ಇಂಜಿನ್ ಅರಚಿತು. ಅಪ್ಪ ಹ್ಯಾಂಡ್‌ಬ್ರೇಕ್‌ನ ಗುಂಡಿ ಒತ್ತಿ ಹಿಡಿದು ನಿಧಾನವಾಗಿ ಎಳೆದರು. ಚರಂಡಿಗೆ ಚಕ್ರ ತಾಗಿ ಕಾರು ನಿಂತಿತು. ಹಿಂದಿನ ಸೀಟಿನಲ್ಲಿ ಭರಣಿ ಒಡೆದಿತ್ತು. ಬೇರೇನೂ ಆಗಲಿಲ್ಲ.

ಈಗ ನನ್ನ ತಪ್ಪು ಹೇಳಿಬಿಡುತ್ತೇನೆ. ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿರುವವನು. ಡ್ರಮ್ ಬ್ರೇಕಿನ ಚಿತ್ರವನ್ನು ಪರೀಕ್ಷೆಯಲ್ಲಿ ಹೆಸರುಗಳ ಸಮೇತ ಬರೆದವನು. ಆ ಎರಡು ತಿಂಗಳಲ್ಲಿ ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಡಬ್ಬಿ ಮೂರು ಸಲ ಇಳಿದಿತ್ತು. ಮೂರು ಸಲವೂ ನಾನೇ ತುಂಬಿಸಿ, 'ಮೇಂಟೆನೆನ್ಸ್ ಮಾಡಿದೆ' ಎಂದು ಬೀಗಿದ್ದೆ. ಅದು ಎಲ್ಲಿಗೆ ಹೋಗುತ್ತಿದೆ ಎಂದು ಕೇಳಲಿಲ್ಲ. ಅಪ್ಪನಿಗೂ ಹೇಳಲಿಲ್ಲ.

ಪೆಟ್ರೋಲಿನಂತೆ ಬ್ರೇಕ್ ಆಯಿಲ್ ಉರಿದು ಖರ್ಚಾಗುವುದಿಲ್ಲ. ಅದು ಮುಚ್ಚಿದ ಪೈಪಿನೊಳಗೆ ಕಾಲಿನ ಒತ್ತಡವನ್ನು ಚಕ್ರಕ್ಕೆ ಸಾಗಿಸುವ ದ್ರವ. ಬ್ರೇಕ್ ಪ್ಯಾಡ್ ಸವೆದಂತೆ ಡಬ್ಬಿಯ ಮಟ್ಟ ತುಸು ಇಳಿಯುತ್ತದೆ ನಿಜ, ಆದರೆ ಅದು ತಿಂಗಳುಗಟ್ಟಲೆಯ ವ್ಯವಹಾರ. ಮೂರು ವಾರಕ್ಕೊಮ್ಮೆ ಎರಡು ಬೆರಳಿನಷ್ಟು ಇಳಿದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ತಂಗಿ ಬಸ್ ಹತ್ತಿ ಹೋದಳು. ಕಾರನ್ನು ಪಿಕಪ್‌ನಲ್ಲಿ ಹೇರಿ ಮನೆಗೆ ತಂದದ್ದಾಯಿತು. ಮರುದಿನ ಪರಿಚಯದ ಮೆಕ್ಯಾನಿಕ್ ಅಂಗಳಕ್ಕೇ ಬಂದರು. ಸ್ಪಾನರ್ ಮುಟ್ಟುವ ಮೊದಲು ಅವರು ಕೇಳಿದ್ದು: "ಪೆಡಲ್ ಗಟ್ಟಿಯಿದ್ದೂ ಗಾಡಿ ನಿಲ್ಲಲಿಲ್ಲವೋ, ಪೆಡಲ್ಲೇ ಕೆಳಗೆ ಹೋಯ್ತೋ?"

ಇದು ಪಠ್ಯಪುಸ್ತಕದಲ್ಲಿ ನನಗೆ ಸಿಗದ ಪ್ರಶ್ನೆ. ಪೆಡಲ್ ಗಟ್ಟಿಯಾಗಿದ್ದೂ ಕಾರು ಜಾರಿದರೆ ಡ್ರಮ್ಮು, ಲೈನಿಂಗ್ ಕಾದು ಹಿಡಿತ ಕಳೆದುಕೊಂಡಿವೆ ಎಂದು ಲೆಕ್ಕ. ಘಾಟಿಯಲ್ಲಿ ಬ್ರೇಕ್ ಮೇಲೇ ಕಾಲಿಟ್ಟು ಇಳಿಯುವವರಿಗೆ ಆಗುವುದು ಇದೇ. ಪೆಡಲ್ ಸ್ಪಂಜಿನಂತೆ ಮೆತ್ತಗಾದರೆ ಪೈಪಿನಲ್ಲಿ ಗಾಳಿಯಿದೆ, ಇಲ್ಲವೇ ಹಳೆಯ ಆಯಿಲ್ ಕುದಿದು ಆವಿಯಾಗಿದೆ. ಡಾಟ್-3 ಆಯಿಲ್ ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗಾದರೂ ಕುದಿಯಬಾರದು ಎಂಬುದು ನಿಯಮ. ಗಾಳಿಯ ತೇವ ಹೀರಿದ ಮೇಲೆ ಅದು 140ರ ಹತ್ತಿರಕ್ಕೆ ಇಳಿಯಬಹುದು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನು ಬರ ಹೇಳಿ! ಪೆಡಲ್ ತಳದವರೆಗೆ ಹೋಗಿ, ಎರಡು ಮೂರು ಸಲ ಒತ್ತಿದಾಗ ಮೇಲೆ ಬಂದರೆ ಶೂಗಳು ಸವೆದು ಡ್ರಮ್ಮಿನಿಂದ ದೂರ ಸರಿದಿರಬಹುದು, ಅಥವಾ ಸೋರಿಕೆ ಇರಬಹುದು. ಯಾವುದೆಂದು ತಿಳಿಯಲು ನಿಂತ ಕಾರಿನಲ್ಲಿ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯಬೇಕು. ನಮ್ಮದು ಮೆಲ್ಲಗೆ ಇಳಿಯುತ್ತಲೇ ಹೋಯಿತು.

ಬಲಗಡೆಯ ಹಿಂದಿನ ಚಕ್ರದ ಒಳಮೈಯಲ್ಲಿ ಕಪ್ಪು ಕಲೆ ಇತ್ತು. ಎರಡು ವಾರದ ಹಿಂದೆ ಕಾರು ತೊಳೆಯುವಾಗ ಅದನ್ನು ನೋಡಿದ್ದೆ, ರಸ್ತೆಯ ಗ್ರೀಸ್ ಎಂದು ಒರೆಸಿದ್ದೆ!

ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಕೂರಿಸಿದೆವು. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬಾರದು. ಚಕ್ರ ಬಿಚ್ಚಿ, ಸ್ಪ್ಲಿಟ್ ಪಿನ್ ಕಿತ್ತು, ನಟ್ ತೆಗೆದರೂ ಡ್ರಮ್ಮು ಜಪ್ಪಯ್ಯ ಎನ್ನಲಿಲ್ಲ. ವರ್ಷಗಟ್ಟಲೆ ಉಜ್ಜಿ ಅಂಚಿನಲ್ಲಿ ಏರು ಎದ್ದಿರುತ್ತದೆ, ಶೂ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲಿಸಿ ಶೂಗಳನ್ನು ಒಳಗೆ ಸರಿಸಿದ ಮೇಲೆ ಬಂತು. ಒಳಗಿನ ಧೂಳನ್ನು ಊದಲು ಹೊರಟ ನನ್ನ ತಲೆಗೆ ಅವರು ಮೊಟಕಿದರು. ಹಳೆಯ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವಿದೆ, ಶ್ವಾಸಕೋಶಕ್ಕೆ ಹೋದರೆ ಕೆಡುಕು. ಒದ್ದೆ ಮಾಡಿ ಬಟ್ಟೆಯಿಂದ ಒರೆಸಿದೆವು.

ಒಳಗೆ ಕಂಡದ್ದು ಸರಳ. ಮೇಲೆ ಪುಟ್ಟ ವೀಲ್ ಸಿಲಿಂಡರ್, ಅದರ ಎರಡೂ ಬದಿಗೆ ಅರ್ಧಚಂದ್ರಾಕಾರದ ಎರಡು ಶೂ, ಅವನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್‌ಗಳು. ಒತ್ತಿದಾಗ ಸಿಲಿಂಡರಿನ ಪಿಸ್ಟನ್‌ಗಳು ಶೂಗಳನ್ನು ಡ್ರಮ್ಮಿಗೆ ಒತ್ತುತ್ತವೆ. ಇದರಲ್ಲೊಂದು ಜಾಣತನವಿದೆ: ಮುಂದಿನ ಶೂವನ್ನು ತಿರುಗುವ ಡ್ರಮ್ಮೇ ಎಳೆದು ಇನ್ನಷ್ಟು ಬಿಗಿ ಮಾಡಿಕೊಳ್ಳುತ್ತದೆ. ಆದ್ದರಿಂದ ಸ್ವಲ್ಪ ಒತ್ತಿದರೂ ಬ್ರೇಕ್ ಬಲವಾಗಿ ಹಿಡಿಯುತ್ತದೆ.

ಸಿಲಿಂಡರಿನ ರಬ್ಬರ್ ಟೋಪಿಯನ್ನು ಉಗುರಿನಿಂದ ಎತ್ತಿದಾಗ ಆಯಿಲ್ ತೊಟ್ಟಿಕ್ಕಿತು. ಒಳಗಿನ ಸೀಲ್ ಹಣ್ಣಾಗಿತ್ತು, ಗೋಡೆಗೆ ತುಕ್ಕು ಹಿಡಿದಿತ್ತು. ಇಷ್ಟು ವರ್ಷ ದುಡಿದ ರಬ್ಬರಿನದೇನೂ ತಪ್ಪಿಲ್ಲ, ಅದು ಎರಡು ತಿಂಗಳು ಮುಂಚೆಯೇ ಹೇಳಿತ್ತು. ನಾನು ತುಂಬಿಸಿದ ಆಯಿಲೆಲ್ಲ ಶೂಗಳ ಲೈನಿಂಗಿಗೆ ಎರೆದ ಅಭ್ಯಂಜನವಾಗಿತ್ತು. "ಪೆಟ್ರೋಲಲ್ಲಿ ತೊಳೆದು, ಉಪ್ಪುಕಾಗದ ಉಜ್ಜಿ ಹಾಕಿದ್ರೆ?" ಎಂದು ಕೇಳಿದೆ. ಕಿಸೆಯಲ್ಲಿ ಕಾಸಿಲ್ಲದವನ ಪ್ರಶ್ನೆ. "ಲೈನಿಂಗ್ ಕುಡಿದಿದ್ದನ್ನ ಕಾದಾಗ ಕಕ್ಕುತ್ತೆ ಮಾರಾಯ, ಆಗ ಮತ್ತೆ ಆಗುಂಬೆ" ಎಂದರು. ಒಂದೇ ಬದಿಗೆ ಹೊಸ ಶೂ ಹಾಕಿದರೂ ಕಷ್ಟ, ಎರಡು ಚಕ್ರ ಎರಡು ರೀತಿ ಹಿಡಿದು ಕಾರು ಓರೆಯಾಗುತ್ತದೆ. ಹಾಗಾಗಿ ಎರಡೂ ಬದಿಗೆ ಶೂ, ಎರಡೂ ಬದಿಗೆ ಸಿಲಿಂಡರ್ ಎಂದಾಯಿತು. ಡ್ರಮ್ಮಿನ ಮೇಲೆ ಸವೆತದ ಮಿತಿಯನ್ನು ಎರಕದಲ್ಲೇ ಕೊಟ್ಟಿರುತ್ತಾರೆ. ಅಳೆದು ನೋಡಿದೆವು, ನಮ್ಮವು ಇನ್ನೂ ಬಾಳುವಂತಿದ್ದವು.

ಬಲಗಡೆಯದನ್ನು ಅವರು ಮಾಡಿದರು, ಎಡಗಡೆಯದನ್ನು ನನಗೆ ಬಿಟ್ಟರು. ಎರಡನ್ನೂ ಒಟ್ಟಿಗೆ ಬಿಚ್ಚಬಾರದು ಎಂಬುದು ಅವರ ಕಟ್ಟಪ್ಪಣೆ. ಯಾವ ಸ್ಪ್ರಿಂಗ್ ಯಾವ ತೂತಿಗೆ ಎಂದು ಮರೆತರೆ ನೋಡಿಕೊಳ್ಳಲು ಇನ್ನೊಂದು ಬದಿ ಇರಬೇಕು. ನಾನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟಿದ್ದೆ. ಆದರೂ ಸ್ಪ್ರಿಂಗ್ ಎರಡು ಸಲ ಹಾರಿ ತುಳಸಿಕಟ್ಟೆ ಸೇರಿತು. ಹೊಸ ಲೈನಿಂಗ್ ಮೇಲೆ ಗ್ರೀಸಿನ ಬೆರಳು ಸೋಕದಂತೆ ಜೋಪಾನ ಮಾಡಿದೆ. ಸ್ಪ್ಲಿಟ್ ಪಿನ್ ಮಾತ್ರ ಹೊಸದೇ ಆಗಬೇಕು, ಹಳೆಯದನ್ನು ನೆಟ್ಟಗೆ ಮಾಡಿ ಹಾಕುವುದಲ್ಲ.

ಕೊನೆಗೆ ಉಳಿದದ್ದು ಪೈಪಿನ ಗಾಳಿ ಹೊರಹಾಕುವುದು. ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಬಳಿಯ ನಿಪ್ಪಲ್ ತೆರೆದು ಮುಚ್ಚಬೇಕು. ಡಬ್ಬಿ ಖಾಲಿಯಾಗದಂತೆ ಮೂರನೆಯವರು ಆಯಿಲ್ ಹೊಯ್ಯುತ್ತಿರಬೇಕು. ಅಪ್ಪನ ಮಂಡಿಗೆ ಆಗದು. ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು, ಜೀವನದಲ್ಲಿ ಮೊದಲ ಬಾರಿಗೆ ಡ್ರೈವರ್ ಸೀಟಿನಲ್ಲಿ ಕೂತಳು.

"ಒತ್ತಿ."

"ಒತ್ತಿದೆ."

ನಿಪ್ಪಲ್ ತೆರೆದಾಗ ಪಾರದರ್ಶಕ ಪೈಪಿನಲ್ಲಿ ಗುಳ್ಳೆಗಳು, ಚಹಾ ಡಿಕಾಕ್ಷನ್ ಬಣ್ಣದ ಹಳೆಯ ಆಯಿಲ್. "ಕೆಳಗೆ ಹೋಯ್ತು, ಬಿಡ್ಲಾ?" ಎಂದಳು ಅಮ್ಮ. "ಮುಚ್ಚೋ ತನಕ ಬಿಡ್ಬೇಡಿ!" ಎಂದು ಮೆಕ್ಯಾನಿಕ್ ಕೂಗಿದರು. ತೆರೆದಿರುವಾಗ ಕಾಲು ತೆಗೆದರೆ ಗಾಳಿ ವಾಪಸ್ ಒಳಗೆ. ಒಂದೊಂದೇ ಚಕ್ರ ಮುಗಿಸುತ್ತಾ ಹೋದೆವು. ಗುಳ್ಳೆ ನಿಂತು ತಿಳಿ ಆಯಿಲ್ ಬಂತು. "ಈಗ ಕಲ್ಲು ತುಳಿದ ಹಾಗಿದೆ" ಎಂದಳು ಅಮ್ಮ.

ಸಾಮಾನಿಗೆ ಎರಡು ಸಾವಿರದೊಳಗೆ ಖರ್ಚಾಯಿತು. ಮೆಕ್ಯಾನಿಕ್ ತಮ್ಮ ಕೂಲಿಯಲ್ಲಿ ಅರ್ಧ ಹಿಡಿದು, "ಒಂದು ಚಕ್ರ ನಿಂದೇ ಅಲ್ವ" ಎಂದರು. ಊರಾಚೆ ಖಾಲಿ ರಸ್ತೆಯಲ್ಲಿ ಮೊದಲು ನಡಿಗೆಯ ವೇಗದಲ್ಲಿ, ಆಮೇಲೆ ಇಪ್ಪತ್ತು, ನಲವತ್ತರಲ್ಲಿ ಬ್ರೇಕ್ ಹಿಡಿದು ನೋಡಿದೆವು. ಕಾರು ನೇರವಾಗಿ ನಿಂತಿತು. ಹಿಂದಿನ ಡ್ರಮ್ಮುಗಳನ್ನು ಹಿಂಗೈಯಿಂದ ಹತ್ತಿರ ಹಿಡಿದು ನೋಡಿದಾಗ ಎರಡೂ ಒಂದೇ ಹದ ಬಿಸಿ.

ಅಪ್ಪನಿಗೆ ಆ ಮೂರು ಸಲದ ವಿಷಯ ಅಂದು ರಾತ್ರಿ ಹೇಳಿದೆ. ಬಯ್ಯಲಿಲ್ಲ. ಬೆಳಿಗ್ಗೆ ನೋಡಿದರೆ ಆಯಿಲ್ ಡಬ್ಬಿಯ ಮೇಲೆ ಸ್ಕೆಚ್ ಪೆನ್ನಿನ ಗೆರೆ, ಪಕ್ಕದಲ್ಲಿ ತಾರೀಖು. ಈಗ ದಿನಾ ಹೂವು ಕೊಯ್ಯಲು ಹೋಗುವ ಮುಂಚೆ ಬಾನೆಟ್ ಎತ್ತಿ ನೋಡುತ್ತಾರೆ. ದಸರಾ ರಜೆಗೆ ತಂಗಿಯನ್ನು ಕರೆತರಲು ಹೊರಟಾಗ ಆಯಿಲ್ ಗೆರೆಯಲ್ಲೇ ಇತ್ತು. ಕೀ ತಿರುಗಿಸುವಷ್ಟರಲ್ಲಿ ಅಮ್ಮ ಒಳಗಿನಿಂದ ಓಡಿ ಬಂದು, "ತಡಿ, ನಾನೊಂದ್ಸಲ ಒತ್ತಿ ನೋಡ್ತೀನಿ" ಎಂದು ನನ್ನನ್ನು ಸೀಟಿನಿಂದ ಎಬ್ಬಿಸಿದಳು.