ಹಾಸಿಗೆ ಇದ್ದಷ್ಟು ವಾಹನ

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ನಡುವೆ ಚಂಗ್ಯೆಚನ್ ಎಂಬ ತೊರೆ ಹರಿಯುತ್ತದೆ. ಕಳೆದ ಶತಮಾನದಲ್ಲಿ ಅದನ್ನು ಕಾಂಕ್ರೀಟಿನಿಂದ ಮುಚ್ಚಿ ಮೇಲೆ ರಸ್ತೆ ಹಾಕಿದರು. ಅದೂ ಸಾಲದೆಂದು ಆ ರಸ್ತೆಯ ನೆತ್ತಿಯ ಮೇಲೆ ಇನ್ನೊಂದು ಹೆದ್ದಾರಿ ಕಟ್ಟಿದರು. ಎರಡೂ ಅಂತಸ್ತು ಸೇರಿ ದಿನಕ್ಕೆ ಸುಮಾರು 1,68,000 ವಾಹನಗಳು ಓಡುತ್ತಿದ್ದವು. 2003ರ ಜುಲೈನಲ್ಲಿ ಇದನ್ನು ಒಡೆಸಲು ಶುರುಮಾಡಿದವರು ಮೇಯರ್ ಲೀ ಮ್ಯುಂಗ್ ಬಾಕ್. ರಾಜಕೀಯಕ್ಕೆ ಬರುವ ಮೊದಲು ಅವರು ದೊಡ್ಡ ನಿರ್ಮಾಣ ಕಂಪನಿಯ ಮುಖ್ಯಸ್ಥರಾಗಿದ್ದರೆಂಬುದು ಸೋಜಿಗ. 2005ರ ಅಕ್ಟೋಬರ್ 1ರಂದು ಸುಮಾರು 5.8 ಕಿ.ಮೀ. ಉದ್ದದ ತೊರೆ ಮತ್ತೆ ಜನರಿಗೆ ತೆರೆದುಕೊಂಡಿತು. ವಾಹನಗಳೆಲ್ಲ ಅಕ್ಕಪಕ್ಕದ ಬೀದಿಗಳಿಗೆ ನುಗ್ಗಿ ಊರೇ ನಿಂತುಹೋದೀತೆಂಬ ಭಯ ಮಾತ್ರ ನಿಜವಾಗಲಿಲ್ಲ. ಇಂಥ ಭಯದ ಬೇರು ಸಿಗುವುದು ನಗರ ಯೋಜಕರು ಬಹುವಾಗಿ ನೆಚ್ಚುವ ಉಪಕರಣದೊಳಗೇ.

ಆ ಉಪಕರಣವೆಂದರೆ ಸಂಚಾರ ಬೇಡಿಕೆಯ ಗಣಿತ ಮಾದರಿ. 1950ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್ ಮತ್ತು ಷಿಕಾಗೊ ನಗರಗಳ ಅಧ್ಯಯನಗಳಲ್ಲಿ ರೂಪುಗೊಂಡ ಇದಕ್ಕೆ ನಾಲ್ಕು ಮೆಟ್ಟಿಲು. ನಗರವನ್ನು ವಲಯಗಳಾಗಿ ಹೋಳು ಮಾಡಿ, ಪ್ರತಿ ವಲಯದಿಂದ ಎಷ್ಟು ಪ್ರಯಾಣ ಹೊರಡುತ್ತದೆ, ಎಲ್ಲಿಗೆ, ಬಸ್ಸಿನಲ್ಲೋ ಕಾರಿನಲ್ಲೋ, ಕಡೆಗೆ ಯಾವ ರಸ್ತೆ ಹಿಡಿದು ಎಂದು ಒಂದೊಂದಾಗಿ ಲೆಕ್ಕ ಹಾಕುತ್ತಾರೆ. ಕಡೆಯ ಮೆಟ್ಟಿಲಿಗೆ 1964ರ ಒಂದು ಸೂತ್ರ ಇಂದಿಗೂ ಬಳಕೆಯಲ್ಲಿದೆ. ಅದರಂತೆ, ರಸ್ತೆಯ ಸಾಮರ್ಥ್ಯದಷ್ಟೇ ವಾಹನಗಳು ಬಂದರೆ ಖಾಲಿ ರಸ್ತೆಗಿಂತ ಶೇ. 15ರಷ್ಟು ಹೆಚ್ಚು ಹೊತ್ತು ಹಿಡಿಯುತ್ತದೆ. ಒಂದೂವರೆ ಪಟ್ಟು ಬಂದರೆ ಶೇ. 76. ಎರಡು ಪಟ್ಟಾದರೆ 10 ನಿಮಿಷದ ದಾರಿಗೆ 34 ನಿಮಿಷ ಬೇಕು. ಹೀಗಾಗಿ ರಸ್ತೆಯನ್ನು ಅರ್ಧಕ್ಕೆ ಇಳಿಸಿ, ಅಷ್ಟೇ ವಾಹನಗಳನ್ನು ಅದರೊಳಗೆ ತುರುಕಿದರೆ ಕಾಗದದ ಮೇಲೆ ಅನಾಹುತ ಖಂಡಿತ. ಇಡೀ ಲೆಕ್ಕ ನಿಂತಿರುವುದು ‘ಅಷ್ಟೇ ವಾಹನಗಳು’ ಎಂಬ ಎರಡು ಪದಗಳ ಮೇಲೆ.

ವಾಹನಗಳನ್ನು ನಾವು ಮಳೆಗಾಲದ ಹೊಳೆಯಂತೆ ಕಲ್ಪಿಸಿಕೊಳ್ಳುತ್ತೇವೆ: ಇಲ್ಲಿ ಕಟ್ಟೆ ಹಾಕಿದರೆ ಅಲ್ಲಿ ಉಕ್ಕುತ್ತದೆ. ಆದರೆ ನೀರು ತನ್ನ ಹೊತ್ತನ್ನು ಬದಲಿಸುವುದಿಲ್ಲ, ಎರಡು ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸುವುದಿಲ್ಲ, ಬಸ್ಸು ಹತ್ತುವುದಿಲ್ಲ. ಮನುಷ್ಯರು ಇದೆಲ್ಲ ಮಾಡುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ರಸ್ತೆಯ ಮಟ್ಟಿಗೆ ಉಪದೇಶವಲ್ಲ, ವರ್ತನೆಯ ವರದಿ. ಡ್ಯುರಾಂಟನ್ ಮತ್ತು ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದ ನಗರಗಳಲ್ಲಿ ಹೆದ್ದಾರಿ ಎಷ್ಟು ಪಾಲು ಬೆಳೆಯಿತೋ ಅದರ ಮೇಲಿನ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಬೆಳೆಯಿತು. ಹಾಸಿಗೆ ಕಿರಿದಾದಾಗ ಏನಾಗುತ್ತದೆ? ಕೆಯ್ರನ್ಸ್, ಆಟ್ಕಿನ್ಸ್ ಮತ್ತು ಗುಡ್ವಿನ್ ಎಂಬ ಸಂಶೋಧಕರು 2002ರಲ್ಲಿ 11 ದೇಶಗಳ 70ಕ್ಕೂ ಹೆಚ್ಚು ಪ್ರಕರಣಗಳನ್ನು ಒಟ್ಟುಮಾಡಿದರು. ಅರ್ಧದಷ್ಟು ಕಡೆ, ಸುತ್ತಲಿನ ರಸ್ತೆಗಳನ್ನೂ ಸೇರಿಸಿ ಎಣಿಸಿದ ಮೇಲೂ, ಶೇ. 11ಕ್ಕಿಂತ ಹೆಚ್ಚು ವಾಹನಗಳು ಇಲ್ಲವಾಗಿದ್ದವು. ಕೆಲವು ಕಡೆ ಹೆಚ್ಚಿದ್ದೂ ಉಂಟು, ಇದೇನು ಮಂತ್ರದಂಡವಲ್ಲ.

ಸೋಲ್‌ನಲ್ಲಿ ದಟ್ಟವಾದ ಮೆಟ್ರೊ ಜಾಲವಿತ್ತು, ನಮ್ಮಲ್ಲಿ ಎಲ್ಲಿದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅಲ್ಲಿ ರಸ್ತೆಯನ್ನು ಒಡೆದು ಕೈಕಟ್ಟಿ ಕೂರಲಿಲ್ಲ. 2004ರ ಜುಲೈನಲ್ಲಿ ಬಸ್ ವ್ಯವಸ್ಥೆಯನ್ನು ಬುಡಸಮೇತ ಬದಲಿಸಿ, ರಸ್ತೆಯ ನಟ್ಟನಡುವೆ ಬಸ್ಸಿಗೇ ಪಥ ಬಿಟ್ಟು, ಬಸ್ಸಿಗೂ ಮೆಟ್ರೊಗೂ ಒಂದೇ ಕಾರ್ಡಿನಲ್ಲಿ ದೂರಕ್ಕೆ ತಕ್ಕ ದರ ತಂದರು. ಹಾಗೆಂದು ಈ ಆಕ್ಷೇಪ ಹಳೆಯ ಲೆಕ್ಕವನ್ನು ಸಮರ್ಥಿಸುವುದಿಲ್ಲ. ಬಸ್ಸು ಬಂದರೆ ಕಾರು ಕಡಿಮೆಯಾಗುತ್ತದೆಂದ ಮೇಲೆ ಕಾರುಗಳ ಸಂಖ್ಯೆ ಯೋಜಕರ ತೀರ್ಮಾನದಿಂದಲೇ ಹುಟ್ಟುವ ಫಲ. ಅದನ್ನು ಲೆಕ್ಕದ ಆರಂಭದಲ್ಲೇ ಸ್ಥಿರಾಂಕವಾಗಿ ಕೂರಿಸುವಂತಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಬಸ್ಸಿಗೆ ಪ್ರತ್ಯೇಕ ಪಥ ಬಿಟ್ಟಾಗ ಕಾರಿನ ಜಾಗ ಹೋಯಿತೆಂಬ ಗೊಣಗಾಟ ಕೇಳಿಸಿದ್ದು ನಾವು ವಾಹನಗಳನ್ನು ಎಣಿಸುವುದರಿಂದ; ತಲೆಗಳನ್ನು ಎಣಿಸಿದರೆ ಐವತ್ತು ಜನರ ಒಂದು ಬಸ್ಸಿನ ತೂಕವೇ ಬೇರೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ಬೇಕೋ ಬೇಡವೋ ಎಂಬ ಜಗಳದಲ್ಲೂ ಮೊದಲು ಕೇಳಬೇಕಾದ್ದು ಒಂದೇ: ಸುರಂಗ ತೆರೆದ ಮೇಲೆ ಹೊಸದಾಗಿ ಹುಟ್ಟುವ ಓಡಾಟವನ್ನು ಲೆಕ್ಕಕ್ಕೆ ಹಿಡಿದಿದ್ದಾರೆಯೇ?

ಮಾದರಿಯನ್ನು ಹೀಗೆ ತಿದ್ದಿದರೂ ಅದು ನಿಮಿಷಗಳನ್ನೇ ಅಳೆಯುತ್ತದೆ. ಚಂಗ್ಯೆಚನ್ ದಂಡೆಯಲ್ಲಿ ಹಳೆಯ ಸಾಮಾನು ಮಾರಿ ಬದುಕುತ್ತಿದ್ದ ಬೀದಿ ವ್ಯಾಪಾರಿಗಳಿಗೆ ಅದರ ಯಾವ ಮೆಟ್ಟಿಲಿನಲ್ಲೂ ಜಾಗವಿಲ್ಲ. ಕಾಮಗಾರಿ ಶುರುವಾದಾಗ ಅವರಲ್ಲಿ ಅನೇಕರನ್ನು ದೊಂಗ್‌ದೇಮುನ್‌ನ ಹಳೆಯ ಕ್ರೀಡಾಂಗಣಕ್ಕೆ ಸಾಗಿಸಿದರು. ಕೆಲವೇ ವರ್ಷಗಳಲ್ಲಿ, ಹೊಸ ವಿನ್ಯಾಸ ಕೇಂದ್ರ ಕಟ್ಟುವುದಕ್ಕೆಂದು ಆ ಕ್ರೀಡಾಂಗಣವನ್ನೂ ಕೆಡವಿದಾಗ, ಅವರು ಮತ್ತೊಮ್ಮೆ ಗಂಟುಮೂಟೆ ಕಟ್ಟಿದರು.