ಹೊಸ ಬೀಜ ಊರಿಗೆ ಹಬ್ಬುವುದು ಹೇಗೆ?

ಈ ಪುಟದಲ್ಲಿ ವಾರವಾರವೂ ಮಣ್ಣು, ಬೀಜ, ಗೊಬ್ಬರ, ಕೀಟಗಳ ವಿಷಯ ಓದುತ್ತೀರಿ. ಈ ವಾರ ಮನುಷ್ಯನ ವಿಷಯ ಓದೋಣ. ಒಂದೇ ಊರು, ಒಂದೇ ಮಳೆ, ಒಂದೇ ಬಗೆಯ ಮಣ್ಣು. ಆದರೂ ಹೊಸ ತಳಿಯೊಂದನ್ನು ಒಬ್ಬರು ಮೊದಲ ವರ್ಷವೇ ಬಿತ್ತುತ್ತಾರೆ, ಪಕ್ಕದ ಹೊಲದವರು ಹತ್ತು ವರ್ಷ ಕಳೆದ ಮೇಲೆ ಬಿತ್ತುತ್ತಾರೆ. ಇದೇಕೆ ಹೀಗೆ? ಮಣ್ಣು ಪರೀಕ್ಷೆ ಮಾಡುವಂತೆ ಈ ಪ್ರಶ್ನೆಯನ್ನೂ ಪರೀಕ್ಷಿಸಿ ನೋಡಿದ ವಿಜ್ಞಾನಿಗಳಿದ್ದಾರೆ. ಅವರು ಕಂಡುಕೊಂಡದ್ದು ನಮ್ಮ ಹೋಬಳಿಗಳಿಗೂ ಉಪಯೋಗಕ್ಕೆ ಬರುವಂಥದ್ದು.

ಅಯೋವಾದ ಮುಸುಕಿನ ಜೋಳ

ಅಮೆರಿಕದ ಅಯೋವಾ ರಾಜ್ಯ ಮುಸುಕಿನ ಜೋಳದ ನಾಡು. ಅಲ್ಲಿ 1928ರ ಸುಮಾರಿಗೆ ಹೈಬ್ರಿಡ್ ಬೀಜ ರೈತರ ಕೈಗೆ ಬಂತು. ಹಳೆಯ ತಳಿಗಿಂತ ಇಳುವರಿ ಸುಮಾರು ಶೇ. 20ರಷ್ಟು ಹೆಚ್ಚು. ಬರವನ್ನೂ ತಡೆಯುವ ಶಕ್ತಿ ಇತ್ತು. ಆದರೆ ಪ್ರತಿವರ್ಷ ಬೀಜಕ್ಕೆ ದುಡ್ಡು ಕೊಡಬೇಕು, ಮನೆಯ ಬೀಜ ಎತ್ತಿಡುವಂತಿಲ್ಲ.

ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಎಂಬ ಇಬ್ಬರು ಅಲ್ಲಿನ ಎರಡು ಊರುಗಳ 259 ರೈತರನ್ನು ವಿಚಾರಿಸಿ 1943ರಲ್ಲಿ ವರದಿ ಪ್ರಕಟಿಸಿದರು. ಇಬ್ಬರನ್ನು ಬಿಟ್ಟು ಉಳಿದವರೆಲ್ಲರೂ ಕೊನೆಗೆ ಹೈಬ್ರಿಡ್ ಬಿತ್ತಿದ್ದರು. ಆದರೆ ಮೊದಲ ಐದು ವರ್ಷ ಕಳೆದಾಗ ಬಿತ್ತಿದ್ದವರು ನೂರಕ್ಕೆ ಹತ್ತು ಮಂದಿ ಮಾತ್ರ. ಮುಂದಿನ ಮೂರೇ ವರ್ಷಗಳಲ್ಲಿ ಆ ಹತ್ತು ನಲವತ್ತಾಯಿತು. ಮೊದಲ ಸಲ ಬಿತ್ತಿದವರೂ ಇಡೀ ಜಮೀನಿಗೆ ಬಿತ್ತಲಿಲ್ಲ, ಒಂದು ಮೂಲೆಯಲ್ಲಿ ಬಿತ್ತಿ ನೋಡಿದರು.

ಇನ್ನೊಂದು ಸಂಗತಿ ಮುಖ್ಯ. ಬೀಜದ ವಿಷಯ ಮೊದಲು ಕಿವಿಗೆ ಬಿದ್ದದ್ದು ಹೆಚ್ಚಾಗಿ ಬೀಜ ಮಾರುವವರಿಂದ. ಆದರೆ ಬಿತ್ತಲು ಮನಸ್ಸು ಗಟ್ಟಿಯಾದದ್ದು ಹೆಚ್ಚಾಗಿ ನೆರೆಯ ರೈತನ ಮಾತಿನಿಂದ. ಸುದ್ದಿ ತರುವವನು ಒಬ್ಬ, ನಂಬಿಕೆ ಹುಟ್ಟಿಸುವವನು ಇನ್ನೊಬ್ಬ.

ಒಬ್ಬ ತಂದೆಯ ಹಟ

ಇದೇ ಅಯೋವಾದ ರೈತ ಕುಟುಂಬವೊಂದರಲ್ಲಿ 1931ರಲ್ಲಿ ಹುಟ್ಟಿದವರು ಎವರೆಟ್ ರೋಜರ್ಸ್. ಅವರ ತಂದೆಗೆ ಹೊಸ ಯಂತ್ರಗಳೆಂದರೆ ಬಹಳ ಪ್ರೀತಿ, ಹೈಬ್ರಿಡ್ ಬೀಜವೆಂದರೆ ಮಾತ್ರ ಅಪನಂಬಿಕೆ. 1936ರ ಬರಗಾಲದಲ್ಲಿ ಅವರ ಪೈರು ಒಣಗಿ ಬಾಗಿತು, ನೆರೆಯವರ ಹೈಬ್ರಿಡ್ ಪೈರು ನೆಟ್ಟಗೆ ನಿಂತಿತ್ತು. ತಂದೆ ಕೊನೆಗೂ ಒಪ್ಪಿದರು. ಮಗ ಮುಂದೆ ಸಮಾಜ ವಿಜ್ಞಾನಿಯಾಗಿ, ಹೊಸತು ಹಬ್ಬುವ ಬಗೆಯನ್ನು ಕುರಿತು 1962ರಲ್ಲಿ ದೊಡ್ಡ ಗ್ರಂಥವನ್ನೇ ಬರೆದರು.

ಊರಿನ ನೂರು ರೈತರನ್ನು ಅವರು ಹೀಗೆ ವಿಂಗಡಿಸಿದರು. ಎಲ್ಲರಿಗಿಂತ ಮೊದಲು ಸಾಹಸಕ್ಕೆ ಇಳಿಯುವವರು ಎರಡು ಮೂರು ಮಂದಿ. ಅವರ ಹಿಂದೆ ಬರುವವರು ಹದಿಮೂರು ಹದಿನಾಲ್ಕು ಮಂದಿ. ಆಮೇಲೆ ಮೂವತ್ತನಾಲ್ಕು, ಮತ್ತೆ ಮೂವತ್ತನಾಲ್ಕು. ಕೊನೆಗೆ ಉಳಿಯುವವರು ಹದಿನಾರು. ಮೊದಲಿನ ಎರಡು ಮೂರು ಮಂದಿಯನ್ನು ಊರವರು ಬೆರಗಿನಿಂದ ನೋಡುತ್ತಾರೆ, ಆದರೆ ಅನುಸರಿಸುವುದಿಲ್ಲ. ‘ಅವನಿಗೇನು, ಹುಚ್ಚು ಸಾಹಸ’ ಎನ್ನುತ್ತಾರೆ. ಊರು ಅನುಸರಿಸುವುದು ಎರಡನೆಯ ಗುಂಪಿನವರನ್ನು. ಅವರು ತೂಗಿ ನೋಡಿ ಕೈಹಾಕುವವರು, ಹತ್ತು ಜನ ಸಲಹೆ ಕೇಳುವಂಥವರು.

ನಾನು ಮಾಡಿದ ತಪ್ಪು

ಇದನ್ನೆಲ್ಲ ಕಾಲೇಜಿನಲ್ಲಿ ಓದಿ ಪರೀಕ್ಷೆ ಬರೆದಿದ್ದರೂ ನೌಕರಿಗೆ ಬಂದ ಹೊಸದರಲ್ಲಿ ನಾನು ಮರೆತೆ. ತೊಗರಿಯ ಸೊರಗು ರೋಗಕ್ಕೆ ಟ್ರೈಕೋಡರ್ಮಾದಿಂದ ಬೀಜೋಪಚಾರ ಮಾಡುವ ಪ್ರಾತ್ಯಕ್ಷಿಕೆಯನ್ನು ಒಂದು ಊರಿನ ಅತಿ ದೊಡ್ಡ ಹಿಡುವಳಿದಾರರ ಹೊಲದಲ್ಲಿ ಇಟ್ಟೆ. ರಸ್ತೆ ಪಕ್ಕದ ಹೊಲ, ಬೋರ್ಡು ಚೆನ್ನಾಗಿ ಕಾಣುತ್ತಿತ್ತು. ಬೆಳೆಯೂ ಚೆನ್ನಾಗಿ ಬಂತು. ಕ್ಷೇತ್ರೋತ್ಸವಕ್ಕೆ ಬಂದವರು ನೋಡಿದರು, ಊಟ ಮಾಡಿದರು, ಹೋದರು. ಮರುವರ್ಷ ಒಬ್ಬರೂ ಮಾಡಲಿಲ್ಲ. ಕೇಳಿದರೆ, ‘ಅವರಿಗೆ ಬೋರ್‌ವೆಲ್ ಇದೆ ಸಾರ್, ಏನು ಮಾಡಿದರೂ ಬರುತ್ತದೆ’ ಎಂದರು.

ಮರುವರ್ಷ ಎರಡು ಎಕರೆ ಖುಷ್ಕಿ ಜಮೀನಿನ ರೈತರೊಬ್ಬರನ್ನು ಕೇಳಿಕೊಂಡೆ. ದನ ಕೊಳ್ಳುವಾಗ ಊರವರು ಅವರ ಸಲಹೆ ಕೇಳುತ್ತಿದ್ದರು. ಅವರು ಅರ್ಧ ಹೊಲಕ್ಕೆ ಉಪಚರಿಸಿದ ಬೀಜ, ಇನ್ನರ್ಧಕ್ಕೆ ಹಾಗೆಯೇ ಬಿತ್ತಿದರು. ಕಿಲೋ ಬೀಜಕ್ಕೆ 4 ಗ್ರಾಂ ಪುಡಿ, ನೆರಳಿನಲ್ಲಿ ಒಣಗಿಸುವುದು, ಇಷ್ಟೇ ಕೆಲಸ. ಸೊರಗಿದ ಗಿಡವೊಂದರ ಕಾಂಡ ಸೀಳಿ ಒಳಗಿನ ಕಪ್ಪು ಗೆರೆಯನ್ನು ಅವರೇ ನೆರೆಯವರಿಗೆ ತೋರಿಸಿದರು. ಉಪಚರಿಸಿದ ಸಾಲುಗಳಲ್ಲಿ ಅಂಥ ಗಿಡ ಕಡಿಮೆ ಇರುವುದನ್ನು ಜನ ತಾವೇ ಎಣಿಸಿಕೊಂಡರು. ನಂತರದ ಮುಂಗಾರಿಗೆ ಪುಡಿ ಕೇಳಿಕೊಂಡು ಬಂದವರು ಅವರ ಹೆಸರು ಹೇಳಿಕೊಂಡು ಬಂದರು, ನನ್ನ ಭಾಷಣ ಯಾರಿಗೂ ನೆನಪಿರಲಿಲ್ಲ.

ಭಾಷಣಕ್ಕಿಂತ ಮಾತುಕತೆ

ಭಾಷಣದ ಬೆಲೆ ಎಷ್ಟೆಂಬುದನ್ನೂ ಅಯೋವಾದಲ್ಲೇ ಅಳೆದು ನೋಡಿದ್ದಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಾಂಸದ ಅಭಾವವಿತ್ತು. ಜನ ಸಾಮಾನ್ಯವಾಗಿ ಬಳಸದ ಗುಂಡಿಗೆ, ಮೂತ್ರಪಿಂಡ ಮುಂತಾದವನ್ನು ಅಡಿಗೆಗೆ ಬಳಸುವಂತೆ ಮಾಡಬೇಕಿತ್ತು. ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞರು ಗೃಹಿಣಿಯರ ಕೆಲವು ಗುಂಪುಗಳಿಗೆ ಒಳ್ಳೆಯ ಉಪನ್ಯಾಸ ಕೊಡಿಸಿದರು. ಉಳಿದ ಗುಂಪುಗಳಲ್ಲಿ ಗೃಹಿಣಿಯರೇ ತಮ್ಮ ತೊಡಕುಗಳನ್ನು ಮಾತನಾಡಿಕೊಂಡು, ಕೊನೆಗೆ ಕೈಯೆತ್ತಿ ನಿರ್ಧಾರ ಮಾಡಿದರು. ಆಮೇಲೆ ವಿಚಾರಿಸಿದಾಗ ಉಪನ್ಯಾಸ ಕೇಳಿದವರಲ್ಲಿ ನೂರಕ್ಕೆ 3 ಮಂದಿ, ಮಾತನಾಡಿ ನಿರ್ಧರಿಸಿದವರಲ್ಲಿ ನೂರಕ್ಕೆ 32 ಮಂದಿ ಹೊಸ ಅಡಿಗೆ ಮಾಡಿದ್ದರು.

ಲೆವಿನ್ ಗೃಹಿಣಿಯರನ್ನೇ ಕರೆಸಿದ್ದಕ್ಕೆ ಕಾರಣವಿತ್ತು. ಅಡಿಗೆಮನೆಯೊಳಗೆ ಏನು ಬರಬೇಕೆಂಬ ಬಾಗಿಲು ಕಾಯುವವರು ಅವರು. ನಮ್ಮಲ್ಲಿ ಬೀಜ ಆರಿಸುವುದು, ಒಣಗಿಸುವುದು, ಕಾಪಿಡುವುದು ಎಷ್ಟೋ ಮನೆಗಳಲ್ಲಿ ಹೆಂಗಸರ ಕೆಲಸ. ಆದರೆ ಬೀಜೋಪಚಾರದ ಸಭೆಗೆ ಗಂಡಸರನ್ನಷ್ಟೇ ಕರೆಯುತ್ತೇವೆ. ಇನ್ನು ಮೇಲಾದರೂ ಮನೆಯಾಕೆಯನ್ನೂ ಕರೆದುಕೊಂಡು ಬನ್ನಿ.

ಮುಂದಾಳು ಎದ್ದು ಹೋದ ಮೇಲೆ

ಲೆವಿನ್ ಮತ್ತು ಅವರ ಜೊತೆಗಾರರು 1939ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗ ಸಂಘಗಳನ್ನು ನಡೆಸುವವರು ತಿಳಿಯಬೇಕಾದದ್ದು. ಹತ್ತು ವರ್ಷದ ಹುಡುಗರ ಗುಂಪುಗಳಿಗೆ ಮುಖವಾಡ ತಯಾರಿಸುವಂಥ ಕೆಲಸ ಕೊಟ್ಟರು. ಒಂದು ಬಗೆಯ ಮುಂದಾಳು ಎಲ್ಲವನ್ನೂ ಅಪ್ಪಣೆ ಕೊಟ್ಟು ಮಾಡಿಸಿದ. ಇನ್ನೊಂದು ಬಗೆಯವನು ಹುಡುಗರೊಡನೆ ಚರ್ಚಿಸಿ ಮಾಡಿಸಿದ. ಮೂರನೆಯವನು ಸುಮ್ಮನೆ ಬಿಟ್ಟುಬಿಟ್ಟ, ಅವನ ಗುಂಪಿನಲ್ಲಿ ಕೆಲಸವೇ ಸಾಗಲಿಲ್ಲ. ಅಪ್ಪಣೆಯ ಗುಂಪಿನಲ್ಲಿ ಮುಂದಾಳು ಇರುವಷ್ಟು ಹೊತ್ತು ಕೆಲಸ ಬಿರುಸು, ಅವನು ಹೊರಗೆ ಹೋದೊಡನೆ ಕುಸಿತ. ಚರ್ಚೆಯ ಗುಂಪಿನಲ್ಲಿ ಅವನಿಲ್ಲದಿದ್ದರೂ ಕೆಲಸ ನಡೆದಿತ್ತು. ಹಾಲಿನ ಸೊಸೈಟಿ, ಕೆರೆ ಬಳಕೆದಾರರ ಸಂಘ, ಸ್ತ್ರೀಶಕ್ತಿ ಗುಂಪು, ಯಾವುದಾದರೂ ಸರಿ. ಅಧ್ಯಕ್ಷರು ಬದಲಾದ ದಿನ ಅದರ ನಿಜವಾದ ಬಲ ಗೊತ್ತಾಗುತ್ತದೆ.

ಐದು ಪ್ರಶ್ನೆಗಳು

ಹೊಸತೊಂದು ಬೇಗ ಹಬ್ಬುವುದೋ ನಿಧಾನವಾಗುವುದೋ ಎಂಬುದನ್ನು ಐದು ಗುಣಗಳಿಂದ ತಿಳಿಯಬಹುದೆಂದು ರೋಜರ್ಸ್ ಹೇಳಿದರು. ಯಾರಾದರೂ ಹೊಸ ಬೀಜ, ಔಷಧ, ಯಂತ್ರ ತಂದಾಗ ನೀವೂ ಇವನ್ನೇ ಕೇಳಿ.

1. ಈಗ ಮಾಡುತ್ತಿರುವುದಕ್ಕಿಂತ ಇದರಿಂದ ಲಾಭವೆಷ್ಟು? ಖರ್ಚು ಕಳೆದು ಲೆಕ್ಕ ಹಾಕಿ.

2. ನಮ್ಮ ಮಳೆ, ಮಣ್ಣು, ದನಕರು, ಊಟದ ಪದ್ಧತಿಗೆ ಹೊಂದುತ್ತದೆಯೇ? ಕಾಳು ಹೆಚ್ಚು ಬಂದು ಮೇವು ಇಲ್ಲವಾದರೆ ದನ ಕಟ್ಟಿದವನಿಗೆ ನಷ್ಟವೇ.

3. ಮಾಡುವ ಕ್ರಮ ಸುಲಭವೇ?

4. ಸ್ವಲ್ಪದರಲ್ಲಿ ಮಾಡಿ ನೋಡಲು ಬರುತ್ತದೆಯೇ?

5. ಫಲಿತಾಂಶ ಕಣ್ಣಿಗೆ ಕಾಣುತ್ತದೆಯೇ?

ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕಾದ ರಾಗಿಯನ್ನು ಕೂಡಿಸಿ ಬೆಳೆಸಿದ ಇಂಡಾಫ್ ತಳಿಗಳನ್ನು ಈ ಪ್ರಶ್ನೆಗಳಿಗೆ ಒಡ್ಡಿ ನೋಡಿ. ತೆನೆ ದೊಡ್ಡದೆಂದು ಕಣ್ಣಿಗೆ ಕಾಣುತ್ತದೆ. ಮುದ್ದೆ ನಮ್ಮದೇ ಊಟ. ರಾಗಿಯ ಬೀಜವನ್ನು ಮನೆಯಲ್ಲೇ ಎತ್ತಿಡಬಹುದು, ನೆಂಟರಿಗೆ ಸೇರು ಅಳೆದು ಕೊಡಬಹುದು. ಬೀಜೋಪಚಾರದ ಕಷ್ಟ ಐದನೆಯ ಪ್ರಶ್ನೆಯಲ್ಲಿದೆ. ಬಾರದೆ ಹೋದ ರೋಗ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದಲೇ ಕೆಲವು ಸಾಲುಗಳನ್ನು ಉಪಚರಿಸದೆ ಬಿಡಬೇಕು.

ನಿಧಾನಿಸುವವನನ್ನು ಜರೆಯಬೇಡಿ

ಕೊನೆಯ ಹದಿನಾರು ಮಂದಿಯನ್ನು ಸೋಮಾರಿಗಳು, ಹಟಮಾರಿಗಳು ಎಂದು ನಮ್ಮಂಥ ಅಧಿಕಾರಿಗಳು ಜರೆಯುವುದುಂಟು. ಅದು ತಪ್ಪು. ಹತ್ತು ಎಕರೆಯವನ ಒಂದು ಎಕರೆ ಕೆಟ್ಟರೆ ಅದು ಅನುಭವ, ಒಂದೇ ಎಕರೆಯವನದು ಕೆಟ್ಟರೆ ಮಕ್ಕಳ ಊಟ ಹೋಗುತ್ತದೆ, ಸಾಲ ತಲೆಗೇರುತ್ತದೆ. ಅವನ ಹಿಂಜರಿಕೆಯಲ್ಲಿ ಲೆಕ್ಕಾಚಾರವಿದೆ. ಕೆಲವೊಮ್ಮೆ ಹೊಸತೇ ಕೆಟ್ಟದ್ದಾಗಿ, ಕಾದು ನೋಡಿದವನೇ ಗೆದ್ದದ್ದೂ ಉಂಟು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಇದಕ್ಕೇ.

ಆದ್ದರಿಂದ ಈ ಮುಂಗಾರಿಗೆ ಒಂದು ಕೆಲಸ ಮಾಡಿ. ನಿಮಗೆ ಸಂಶಯವಿರುವ ಹೊಸ ಕ್ರಮವೊಂದನ್ನು ಆರಿಸಿ, ಎರಡು ಗುಂಟೆಯಲ್ಲಿ ಮಾತ್ರ ಮಾಡಿ. ಪಕ್ಕದಲ್ಲೇ ಹಳೆಯ ಕ್ರಮದ ಎರಡು ಗುಂಟೆ ಇರಲಿ. ಒಕ್ಕಣೆಯಲ್ಲಿ ಎರಡನ್ನೂ ಬೇರೆಬೇರೆ ಅಳೆಯಿರಿ, ಖರ್ಚನ್ನು ಬರೆದಿಡಿ. ಲಾಭವಾಗಲಿ, ನಷ್ಟವಾಗಲಿ, ಕಂಡದ್ದನ್ನು ಕಂಡಂತೆ ನೆರೆಯವರಿಗೆ ಹೇಳಿ. ನೀವು ನಮ್ಮ ಬೋರ್ಡನ್ನು ನಂಬದಿರಬಹುದು, ಆದರೆ ನೆರೆಯವರು ನಿಮ್ಮ ಮಾತನ್ನು ನಂಬುತ್ತಾರೆ.