ಮುಂಡರಗಿ ಭೀಮರಾಯನ ದಂಡಯಾತ್ರೆ

ಸ್ವಾತಂತ್ರ್ಯ ಸಂಗ್ರಾಮವೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸು ಝಾನ್ಸಿ, ಕಾನಪುರ, ದಿಲ್ಲಿಗಳತ್ತ ಹರಿಯುವುದು ಸಹಜವಾಗಿದೆ. ಆದರೆ ಅದೇ ಸಂಗ್ರಾಮದ ಒಂದು ಪ್ರಕರಣವು ನಮ್ಮ ಗದಗು, ಡಂಬಳ, ಮುಂಡರಗಿಗಳ ನೆಲದಲ್ಲಿಯೇ ನಡೆದುಹೋಯಿತು. ಅದನ್ನು ಕೆಲವರು ಕೇವಲ ಕೊಳ್ಳೆಯೆಂದು ತಳ್ಳಿಹಾಕಿದರೆ, ಮತ್ತೆ ಕೆಲವರು ಬರಿಯ ಜಯಘೋಷದಲ್ಲಿ ಮುಳುಗಿಸಿಬಿಡುತ್ತಾರೆ. ಈ ಎರಡೂ ದಾರಿಗಳನ್ನು ಬಿಟ್ಟು, ನಡೆದುದು ಏನು, ಅದು ಹಾಗೇಕೆ ನಡೆಯಿತು ಎಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಅಂದಿನ ಆಡಳಿತದ ಸ್ವರೂಪವನ್ನು ತಿಳಿಯಬೇಕು. ಇಂದು ಗದಗ ಜಿಲ್ಲೆಯೆನಿಸಿದ ಈ ಸೀಮೆಯು ಆಗ ಹಲವು ಒಡೆತನಗಳಲ್ಲಿ ಹರಿದು ಹಂಚಿಹೋಗಿತ್ತು. ಗದಗು, ಬೆಟಗೇರಿ, ಡಂಬಳಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. ಲಕ್ಷ್ಮೇಶ್ವರವು ಮಿರಜದ ಪಟವರ್ಧನರ ಕೈಯಲ್ಲಿಯೂ ಶಿರಹಟ್ಟಿಯು ಸಾಂಗಲಿಯ ಪಟವರ್ಧನರ ಕೈಯಲ್ಲಿಯೂ ಇದ್ದವು. ನರಗುಂದವು ಭಾವೆ ಮನೆತನದ ಸಂಸ್ಥಾನ. ಪೂರ್ವಕ್ಕೆ ಕೊಪ್ಪಳವು ನಿಜಾಮನದು. ತುಂಗಭದ್ರೆಯನ್ನು ದಾಟಿದರೆ ಮದರಾಸು ಇಲಾಖೆಯ ಬಳ್ಳಾರಿ ಜಿಲ್ಲೆ. ಒಂದೇ ನುಡಿಯನ್ನಾಡುವ ಜನರು ಒಂದು ದಿನದ ನಡಿಗೆಯಲ್ಲಿ ಎರಡು ಮೂರು ಸರಕಾರಗಳ ಎಲ್ಲೆಯನ್ನು ದಾಟಬೇಕಾಗುತ್ತಿತ್ತು. ಮುಂದಿನ ಘಟನೆಗಳನ್ನು ಅರಿಯಲು ಇದೇ ಕೀಲಿಕೈ.

ಇನ್ನು ಅಸಮಾಧಾನದ ಕಾರಣಗಳು. 1852ರ ಕಾಯಿದೆಯಿಂದ ಬಲಗೊಂಡ ಇನಾಂ ಕಮಿಶನ್ನು ತಲೆತಲಾಂತರದಿಂದ ಬಂದ ಇನಾಂ ಭೂಮಿಗಳ ದಾಖಲೆಗಳನ್ನು ಕೇಳತೊಡಗಿತು. ತೋರಿಸಲಾರದವರು ಭೂಮಿಯನ್ನು ಕಳೆದುಕೊಂಡರು. ಸಂತಾನವಿಲ್ಲದ ನರಗುಂದದ ಬಾಬಾಸಾಹೇಬನಿಗೆ ದತ್ತಕ ತೆಗೆದುಕೊಳ್ಳಲು ಅನುಮತಿ ದೊರೆಯಲಿಲ್ಲ. ಅಂದರೆ ಅವನೊಡನೆಯೇ ಸಂಸ್ಥಾನವೂ ಮುಗಿಯಬೇಕಾಗಿತ್ತು. ಇವೆರಡೂ ಮೇಲಿನವರ ಸಂಕಟಗಳು. 1857ರ ನಿಶ್ಶಸ್ತ್ರೀಕರಣವಾದರೋ ಸಾಮಾನ್ಯರ ಮನೆಬಾಗಿಲಿಗೇ ಬಂದಿತು. ಬೇಟೆ, ಕಾವಲುಗಾರಿಕೆಗಳಿಂದ ಬದುಕುವವನಿಗೆ ಆಯುಧವು ಅನ್ನದ ಸಾಧನವೂ ಹೌದು, ಮಾನದ ಗುರುತೂ ಹೌದು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದನ್ನೊಪ್ಪಿಸಲು ನಿರಾಕರಿಸಿ ನವೆಂಬರ 1857ರಲ್ಲಿ ಕಾದಾಡಿದರು. ಸೈನ್ಯವು ಊರನ್ನು ಸುಟ್ಟಿತು. ಸೆರೆಸಿಕ್ಕವರಲ್ಲಿ 19 ಜನರಿಗೆ ಗಲ್ಲಾಯಿತು. ಜನಪದ ಗಾಯಕರು ಈ ಕಥೆಯನ್ನು ಲಾವಣಿಯಾಗಿ ಉಳಿಸಿಕೊಂಡರು. ಮುಂದೆ ಅದನ್ನು ಬರೆದಿಟ್ಟು ಪ್ರಕಟಿಸಿದವನು ಕಂಪನಿಯ ಉತ್ತರಾಧಿಕಾರಿಯಾದ ಸರಕಾರದ ಅಧಿಕಾರಿ ಜೆ. ಎಫ್. ಫ್ಲೀಟನೇ ಎಂಬುದು ಸೋಜಿಗದ ಸಂಗತಿ.

ಇಂಥ ಕಾಲದಲ್ಲಿ ಮುಂಡರಗಿಯ ಭೀಮರಾಯನು ಮುಂದೆ ಬಂದನು. ಬಳ್ಳಾರಿ ಜಿಲ್ಲೆಯಲ್ಲಿ ಸರಕಾರಿ ಅಧಿಕಾರದಲ್ಲಿದ್ದು, ಅದನ್ನು ಕಳೆದುಕೊಂಡು ಊರಿಗೆ ಮರಳಿದವನು ಅವನು. ಆದುದರಿಂದ ಕಚೇರಿಯ ಒಳಗುಟ್ಟೂ ಸೀಮೆಯ ದೇಸಾಯಿ, ಗೌಡರ ಮನಸ್ಸೂ ಅವನಿಗೆ ಗೊತ್ತಿದ್ದವು. ಅವನಿಗೆ ಜೊತೆಯಾದವರಲ್ಲಿ ಮುಖ್ಯನು ತುಂಗಭದ್ರಾ ತೀರದ ಹಮ್ಮಿಗಿಯ ಕೆಂಚನಗೌಡ. ಇವರ ಸಂಧಾನವು ನರಗುಂದದವರೆಗೂ ಚಾಚಿತ್ತು.

ಕಾರ್ಯವು ಎಣಿಸಿದುದಕ್ಕಿಂತ ಮೊದಲೇ ಆರಂಭವಾಗಬೇಕಾಯಿತು. ಹಮ್ಮಿಗಿಯಲ್ಲಿ ಕೂಡಿಟ್ಟಿದ್ದ ಆಯುಧಗಳು ಅಧಿಕಾರಿಗಳ ಕಣ್ಣಿಗೆ ಬಿದ್ದು ಅವುಗಳ ಮೇಲೆ ಕಾವಲು ಕುಳಿತಿತು. 1858ರ ಮೇ ತಿಂಗಳ ಕೊನೆಯ ವಾರದಲ್ಲಿ ಭೀಮರಾಯನ ಜನ ಆ ಕಾವಲನ್ನು ಮುರಿದು ಆಯುಧಗಳನ್ನು ವಶಪಡಿಸಿಕೊಂಡರು. ಡಂಬಳದ ಸರಕಾರಿ ಖಜಾನೆಯನ್ನು ಹಿಡಿದರು. ಬಳಿಕ ಪೂರ್ವಕ್ಕೆ ನಡೆದು ಕೊಪ್ಪಳದ ಕೋಟೆಯನ್ನು ಸೇರಿದರು. ಆಯುಧ, ಹಣ, ನೆಲೆ — ಯುದ್ಧಕ್ಕೆ ಬೇಕಾದ ಮೂರನ್ನೂ ಈ ಕ್ರಮದಲ್ಲಿಯೇ ಅವರು ದೊರಕಿಸಿಕೊಂಡುದನ್ನು ವಾಚಕರು ಗಮನಿಸಬೇಕು. ಕೊಳ್ಳೆಯೇ ಗುರಿಯಾಗಿದ್ದರೆ ಖಜಾನೆ ಕೈಸೇರಿದ ಮೇಲೆ ಕಪ್ಪತಗುಡ್ಡದ ಕಣಿವೆಗಳಲ್ಲಿ ಚದುರಿಹೋಗಲು ಅಡ್ಡಿಯಿರಲಿಲ್ಲ.

ಕೊಪ್ಪಳವನ್ನೇ ಏಕೆ ಆರಿಸಿಕೊಂಡರು? ಮುಂಡರಗಿಯಿಂದ ಅಲ್ಲಿಗೆ ಹೊಳೆ ದಾಟುವ ತೊಡಕಿಲ್ಲ. ಅದು ಮುಂಬಯಿ ಇಲಾಖೆಯ ಎಲ್ಲೆಯಿಂದಾಚೆಗೆ ಇದೆ. ಮೇಲಾಗಿ ಕೋಟೆಯು ಪ್ರಬಲವಾದುದು. ಟಿಪ್ಪು ಸುಲ್ತಾನನು 1786ರಲ್ಲಿ ಅದನ್ನು ಪಡೆದು ಫ್ರೆಂಚ್ ಇಂಜಿನಿಯರರಿಂದ ಬಲಪಡಿಸಿದ್ದನು. 1790ರಲ್ಲಿ ಆಂಗ್ಲರ ಮತ್ತು ನಿಜಾಮನ ಸೇನೆಗಳು ಅದನ್ನು ತಿಂಗಳುಗಟ್ಟಲೆ ಮುತ್ತಬೇಕಾಯಿತು. ಆದರೆ 1819ರಲ್ಲಿ ವೀರಪ್ಪನೆಂಬ ಬಂಡುಗಾರನು ಅದನ್ನು ಹಿಡಿದಾಗ ಪ್ರಿಟ್ಜ್ಲರನ ಸೈನ್ಯದ ಮುಂದೆ ಬಹಳ ದಿನ ನಿಲ್ಲಲು ಸಾಧ್ಯವಾಗಲಿಲ್ಲ. ಕಲ್ಲಿನ ಬಲಕ್ಕಿಂತ ಒಳಗಿನ ಜನ, ಮದ್ದುಗುಂಡು, ಹೊರಗಿನ ನೆರವುಗಳೇ ಕೋಟೆಯನ್ನು ಕಾಯುತ್ತವೆ ಎಂಬುದಕ್ಕೆ ಇವೆರಡೂ ನಿದರ್ಶನಗಳು.

ಎಲ್ಲೆಯ ಭರವಸೆಯೂ ಸುಳ್ಳಾಯಿತು. ಬಳ್ಳಾರಿಯ ಕಡೆಯಿಂದ ಮೇಜರ್ ಹ್ಯೂಸನು ಮದರಾಸು ಸೈನ್ಯದೊಡನೆ ಧಾವಿಸಿ ಜೂನ್ 1ರಂದು ಕೋಟೆಯ ಮೇಲೆ ಬಿದ್ದನು. ಭೀಮರಾಯನೂ ಕೆಂಚನಗೌಡನೂ ಹೋರಾಡುತ್ತ ಮಡಿದರು. ಎಲ್ಲೆಗಳು ಪ್ರಜೆಗಳಿಗೆ ಮಾತ್ರ ಗೋಡೆಯಾಗಿದ್ದವು, ಆಳುವವರ ಸೈನ್ಯಕ್ಕಲ್ಲ. ಅದೇ ದಿನ ದೂರದ ಗ್ವಾಲಿಯರಿನಲ್ಲಿ ಝಾನ್ಸಿಯ ರಾಣಿ, ತಾತ್ಯಾ ಟೋಪೆಯವರು ನಗರವನ್ನು ಗೆದ್ದುಕೊಂಡಿದ್ದರು. ಆ ಸುದ್ದಿಯಿಂದ ಕೊಪ್ಪಳಕ್ಕೆ ಒದಗುವ ಪ್ರಯೋಜನವೇನೂ ಇರಲಿಲ್ಲ.

ನರಗುಂದದಲ್ಲಿಯೂ ಘಟನೆಗಳು ಇದೇ ವೇಗದಲ್ಲಿ ನಡೆದವು. ಮೇ 29ರ ರಾತ್ರಿ ಪೊಲಿಟಿಕಲ್ ಏಜಂಟ ಮ್ಯಾನ್ಸನ್ನನು ಸುರೇಬಾನದಲ್ಲಿ ತಂಗಿದ್ದಾಗ ಬಾಬಾಸಾಹೇಬನ ಜನ ಅವನನ್ನು ಕೊಂದರು. ಜೂನ್ 1ರಂದು ಮಾಲ್ಕಮ್ಮನ ಸೈನ್ಯ ಬಂದಿತು. ಮರುದಿನ ಕೋಟೆಯು ಬರಿದಾಗಿ ದೊರೆಯಿತು. ವೇಷ ಮರೆಸಿಕೊಂಡು ಹೋಗುತ್ತಿದ್ದ ಬಾಬಾಸಾಹೇಬನು ಸೆರೆಸಿಕ್ಕಿ, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದನು. ಅವನ ತಾಯಿ ಮತ್ತು ಹೆಂಡತಿ ಮಲಪ್ರಭೆಯಲ್ಲಿ ಪ್ರಾಣ ಬಿಟ್ಟರು.

ಸೋಲಿನ ಕಾರಣವು ಈಗ ಸ್ಪಷ್ಟವಾಗುತ್ತದೆ. ಧೈರ್ಯದ ಕೊರತೆ ಅಲ್ಲಿರಲಿಲ್ಲ. ಕೊರತೆಯಿದ್ದುದು ಏಕಕಾಲದ ಕೂಡುವಿಕೆಯಲ್ಲಿ. ಹಲಗಲಿ ನವೆಂಬರಿನಲ್ಲಿ ಒಂಟಿಯಾಗಿ ಉರಿಯಿತು. ಕೊಪ್ಪಳ, ನರಗುಂದಗಳು ಎರಡು ದಿನಗಳಲ್ಲಿ ಬೇರೆ ಬೇರೆಯಾಗಿಯೇ ಬಿದ್ದವು. ಇವರ ದಾರಿಯಲ್ಲಿದ್ದ ಸಂಸ್ಥಾನಗಳು ಎದ್ದು ನಿಲ್ಲಲಿಲ್ಲ. ಬಂಡೆದ್ದವರ ಮನಸ್ಸಿನಲ್ಲಿ ದತ್ತಕ, ವತನ, ಅಧಿಕಾರಗಳ ಸ್ವಂತ ನೋವುಗಳಿದ್ದುದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಸ್ವಂತ ನೋವಿಲ್ಲದೆ ಯಾವ ಜನಾಂದೋಲನವೂ ಹುಟ್ಟಿಲ್ಲ. ಆ ನೋವು ಎಲ್ಲರದೂ ಒಂದೇ ಎಂಬ ಅರಿವು ಇಲ್ಲಿ ಮೂಡತೊಡಗಿತ್ತು, ಪಕ್ವವಾಗಲು ಸಮಯ ಸಿಗಲಿಲ್ಲ.

ಅಂದಿನ ಎಲ್ಲೆಗಳೆಲ್ಲ ಇಂದು ಅಳಿದಿವೆ. 1956ರಲ್ಲಿ ಮುಂಡರಗಿ, ಕೊಪ್ಪಳ, ಬಳ್ಳಾರಿಗಳು ಒಂದೇ ರಾಜ್ಯದಲ್ಲಿ ಕೂಡಿದವು. 1997ರಲ್ಲಿ ಗದಗು, ಲಕ್ಷ್ಮೇಶ್ವರ, ಶಿರಹಟ್ಟಿ, ನರಗುಂದ, ಮುಂಡರಗಿಗಳು ಒಂದೇ ಜಿಲ್ಲೆಯಾದವು. ಭೀಮರಾಯನಿಗೆ ದೊರೆಯದಿದ್ದ ಕೂಡುವಿಕೆ ನಮಗೆ ಪಿತ್ರಾರ್ಜಿತವಾಗಿ ದೊರೆತಿದೆ. ಈ ಸೀಮೆಯ ತರುಣರು ಹಿರಿಯರ ಬಾಯಲ್ಲಿ ಉಳಿದ ಲಾವಣಿಗಳನ್ನು ಬರೆದಿಟ್ಟುಕೊಂಡು, ಅವನ್ನು ಸರಕಾರಿ ಕಡತಗಳೊಡನೆ ಹೋಲಿಸಿ ಓದಿದರೆ, ಸತ್ತವರಿಗೆ ಸಲ್ಲಬೇಕಾದ ನ್ಯಾಯವು ಸ್ವಲ್ಪವಾದರೂ ಸಂದೀತು.